ಟ್ರಕ್ ಎಂಜಿನ್‌ನ ಥರ್ಮೋಸ್ಟಾಟ್ ವಾಲ್ವ್ ಮನೆಯಲ್ಲೇ ಬದಲಿಸುವುದು: ಹಂತ ಹಂತವಾಗಿ, ಆಗುವ ತಪ್ಪುಗಳ ಸಮೇತ

“ಹೊಸ ವಾಲ್ವ್ ಹಾಕಿದೀನಿ, ಆದ್ರೂ ಗಾಡಿ ಬಿಸಿ ಆಗ್ತಿದೆ.” ಈ ಬೇಸಿಗೆಯಲ್ಲಿ ನನಗೆ ಈ ಮಾತು ಹೇಳಿದವರು ಐದು ಜನ. ಎಲ್ಲರೂ ಸ್ವಂತ ಗಾಡಿ ಇಟ್ಟುಕೊಂಡವರು, ಸ್ಪ್ಯಾನರ್ ಹಿಡಿದು ಅಭ್ಯಾಸ ಇರುವವರು. ಎರಡು ಬೋಲ್ಟ್ ಬಿಚ್ಚಿ ವಾಲ್ವ್ ಬದಲಿಸುವುದು ಯಾರಿಗೂ ಕಷ್ಟ ಆಗಿಲ್ಲ. ಆದರೆ ಮೂವರು ವಾಲ್ವ್ ಹಾಕಿದ ಮೇಲೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಒಳಗೆ ಸಿಕ್ಕಿಕೊಂಡ ಗಾಳಿ ತೆಗೆದಿರಲಿಲ್ಲ, ಒಬ್ಬರು ತಲೆಕೆಳಗಾಗಿ ಕೂರಿಸಿದ್ದರು, ಇನ್ನೊಬ್ಬರ ಗಾಡಿಯಲ್ಲಿ ವಾಲ್ವ್ ಚೆನ್ನಾಗೇ ಇತ್ತು, ರೇಡಿಯೇಟರ್ ಕಟ್ಟಿಕೊಂಡಿತ್ತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಿಚ್ಚುವ ಮುಂಚೆ ಪರೀಕ್ಷೆ, ಮುಚ್ಚಿದ ಮೇಲೆ ಗಾಳಿ ತೆಗೆಯುವುದು, ಕೆಲಸ ಹೆಚ್ಚಾಗಿ ಕೆಡುವುದು ಈ ಎರಡು ಕಡೆ. ಬೋಲ್ಟ್ ಕೆಲಸ ನಡುವಿನ ಸಣ್ಣ ಭಾಗ. ಹಾಗಾಗಿ ಹಂತಗಳ ಕ್ರಮ ಬದಲಿಸಬೇಡಿ, ಯಾವುದನ್ನೂ ಹಾರಿಸಬೇಡಿ.

## ಯಾವ ಗಾಡಿಗೆ ಇದು ಹೊಂದುತ್ತದೆ

ಪಿಕಪ್, ಟಾಟಾ 407 ಥರದ ಗಾಡಿ, ಕ್ಯಾಂಟರ್, ಹಳೆಯ ಲಾರಿ, ಹೀಗೆ ಥರ್ಮೋಸ್ಟಾಟ್ ಕೈಗೆ ಸಿಗುವ ಜಾಗದಲ್ಲಿರುವ ಡೀಸೆಲ್ ಎಂಜಿನ್‌ಗಳಿಗೆ ಇದು ಸರಿಹೋಗುತ್ತದೆ. ಕೆಲವು ದೊಡ್ಡ ಎಂಜಿನ್‌ಗಳಲ್ಲಿ ಎರಡು ಥರ್ಮೋಸ್ಟಾಟ್ ಇರುತ್ತವೆ. ಹಾಗಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸದು, ಒಂದು ಹಳೆಯದು ಅಂತ ಬಿಡಬೇಡಿ.

ಬಿಎಸ್ 6 (ಹೊಸ ಹೊಗೆ ನಿಯಮದ) ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಮನೆಯಲ್ಲಿ ಕೈ ಹಾಕಬೇಡಿ. ಅಲ್ಲಿ ಎಂಜಿನ್ ಶಾಖದ ಮೇಲೆ ಕಂಪ್ಯೂಟರ್ ಕಣ್ಣಿಟ್ಟಿರುತ್ತದೆ. ಎಂಜಿನ್ ಬಿಸಿಯಾಗದೆ ತಣ್ಣಗೇ ಓಡಿದರೂ ಎಚ್ಚರಿಕೆ ದೀಪ ಬರುತ್ತದೆ, ಹೊಗೆ ಫಿಲ್ಟರ್ ತನ್ನಷ್ಟಕ್ಕೆ ಸುಟ್ಟು ಕ್ಲೀನ್ ಆಗುವ ಕೆಲಸವೂ ಕೆಡಬಹುದು.

## ಕೈಯಲ್ಲಿ ಇರಬೇಕಾದ ಸಾಮಾನು

ಹೊಸ ಥರ್ಮೋಸ್ಟಾಟ್, ಅದರದೇ ಗ್ಯಾಸ್ಕೆಟ್ (ಸೋರದಂತೆ ತಡೆಯುವ ಪ್ಯಾಕಿಂಗ್) ಅಥವಾ ರಬ್ಬರ್ ರಿಂಗ್. ರಿಂಗ್ ಸ್ಪ್ಯಾನರ್ ಮತ್ತು ಸಾಕೆಟ್ ಸೆಟ್, ಹೆಚ್ಚಿನ ಕಡೆ 13 ನಂಬರ್ ಬೇಕಾಗುತ್ತದೆ, 10 ಮತ್ತು 12 ಕೂಡ ಪಕ್ಕದಲ್ಲಿರಲಿ. ಸ್ಕ್ರೂ ಡ್ರೈವರ್, ಕಟಿಂಗ್ ಪ್ಲೇಯರ್. ಅಗಲ ಬಾಯಿಯ ಟಬ್ಬು, ಅಳತೆ ಗುರುತಿರುವ ಕ್ಯಾನು, ಆಲಿಕೆ. ತುಕ್ಕು ಬಿಡಿಸುವ ಸ್ಪ್ರೇ, ಸಣ್ಣ ಎಮರಿ ಪೇಪರ್, ಒಂದಿಷ್ಟು ವೇಸ್ಟ್ ಬಟ್ಟೆ. ಚಕ್ರಕ್ಕೆ ಕೊಡಲು ಎರಡು ದಪ್ಪ ಕಲ್ಲು ಅಥವಾ ಮರದ ತುಂಡು. 120 ಡಿಗ್ರಿ ತನಕ ತೋರಿಸುವ ಅಡುಗೆ ಥರ್ಮಾಮೀಟರ್. ಜ್ವರ ನೋಡುವ ಥರ್ಮಾಮೀಟರ್ 42 ಡಿಗ್ರಿಗೇ ನಿಂತುಬಿಡುತ್ತದೆ, ಅದರಿಂದ ಪ್ರಯೋಜನವಿಲ್ಲ.

ಕೂಲಂಟ್ ಬಗ್ಗೆ ಒಂದು ಮಾತು. ನಿಮ್ಮ ಗಾಡಿಯಲ್ಲಿ ಈಗ ಯಾವುದಿದೆಯೋ ಅದೇ ಜಾತಿಯದು ತನ್ನಿ. ಬಣ್ಣ ಒಂದೇ ಇದ್ದ ಮಾತ್ರಕ್ಕೆ ಒಳಗಿನ ಕೆಮಿಕಲ್ ಒಂದೇ ಅಲ್ಲ, ಡಬ್ಬದ ಮೇಲೆ ಬರೆದಿರುವುದನ್ನು ಓದಿ ಗಾಡಿಯ ಪುಸ್ತಕದ ಜೊತೆ ಹೋಲಿಸಿ. ನೀರು ಬೆರೆಸಬೇಕಾದ ಕೂಲಂಟ್ ಆದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನೇ ತನ್ನಿ. ಬೋರ್‌ವೆಲ್ ನೀರು ಬೇಡವೇ ಬೇಡ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸ್ಟವ್ ಮೇಲಿನ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ವಾ, ಎಂಜಿನ್ ಒಳಗೂ ಅದೇ ಕಟ್ಟುತ್ತದೆ. ಹೊಸ ವಾಲ್ವ್ ಮತ್ತೆ ಹಿಡಿದುಕೊಳ್ಳುವುದಕ್ಕೆ ಅದೊಂದೇ ಸಾಕು.

## ಹಂತ 1: ತೊಂದರೆ ಥರ್ಮೋಸ್ಟಾಟ್‌ನದೇ ಅಂತ ಖಚಿತ ಮಾಡಿಕೊಳ್ಳಿ

ಥರ್ಮೋಸ್ಟಾಟ್ ಒಳಗೆ ಮೇಣ ತುಂಬಿದ ಒಂದು ಸಣ್ಣ ಬಟ್ಟಲಿದೆ. ಎಂಜಿನ್ ತಣ್ಣಗಿರುವಾಗ ಮೇಣ ಗಟ್ಟಿ, ಬಾಗಿಲು ಮುಚ್ಚಿರುತ್ತದೆ, ಕೂಲಂಟ್ ಎಂಜಿನ್ ಒಳಗೇ ಸುತ್ತುತ್ತದೆ. ಶಾಖ ಏರಿದರೆ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತಳ್ಳುತ್ತದೆ, ಆಗ ಕೂಲಂಟ್ ರೇಡಿಯೇಟರ್‌ಗೆ ಹೋಗುತ್ತದೆ. ಹಾಗಾಗಿ ಇದು ಕೆಡುವುದು ಎರಡೇ ರೀತಿ: ಮುಚ್ಚಿಕೊಂಡು ನಿಲ್ಲುತ್ತದೆ, ಇಲ್ಲವೇ ತೆರೆದುಕೊಂಡು ನಿಲ್ಲುತ್ತದೆ.

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ. ರೇಡಿಯೇಟರ್‌ನ ಮೇಲಿನ ಹೋಸ್ ಮುಟ್ಟಿ ನೋಡುತ್ತಿರಿ. ಫ್ಯಾನ್ ಮತ್ತು ಬೆಲ್ಟ್‌ನಿಂದ ಕೈ ದೂರ ಇರಲಿ, ಹೆಗಲ ಮೇಲಿನ ಟವೆಲ್ ತೆಗೆದಿಟ್ಟು ಬನ್ನಿ, ಪಂಚೆ ಉಟ್ಟುಕೊಂಡು ಈ ಕೆಲಸಕ್ಕೆ ಇಳಿಯಬೇಡಿ. ವಾಲ್ವ್ ಚೆನ್ನಾಗಿದ್ದರೆ ಹೋಸ್ ಬಹಳ ಹೊತ್ತು ತಣ್ಣಗೇ ಇದ್ದು, ಆಮೇಲೆ ಒಂದು ಹಂತದಲ್ಲಿ ಬೇಗ ಬಿಸಿಯಾಗುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ಜೊತೆಜೊತೆಗೇ ಹೋಸ್ ನಿಧಾನಕ್ಕೆ ಬೆಚ್ಚಗಾಗುತ್ತಾ ಹೋದರೆ ವಾಲ್ವ್ ತೆರೆದೇ ನಿಂತಿದೆ. ಶಾಖ ತೋರಿಸುವ ಮೀಟರ್‌ನ ಮುಳ್ಳು ಕೆಂಪಿನ ಹತ್ತಿರ ಹೋದರೂ ಹೋಸ್ ತಣ್ಣಗಿದ್ದರೆ ಮುಚ್ಚಿ ನಿಂತಿದೆ, ತಕ್ಷಣ ಆಫ್ ಮಾಡಿ.

ಡೀಸೆಲ್ ಎಂಜಿನ್ ನಿಂತಲ್ಲೇ ಸುಮ್ನೆ ಓಡಿದರೆ ಬಿಸಿಯಾಗಲು ತುಂಬಾ ಹೊತ್ತು ಬೇಕು. ಹತ್ತು ನಿಮಿಷ ನೋಡಿ “ವಾಲ್ವ್ ತೆರೆಯಲೇ ಇಲ್ಲ” ಅಂತ ತೀರ್ಮಾನ ಮಾಡಬೇಡಿ. ಮುಳ್ಳಿನ ಮೇಲೆ ಕಣ್ಣಿಟ್ಟು ನಾಲ್ಕೈದು ಕಿಲೋಮೀಟರ್ ಓಡಿಸಿಕೊಂಡು ಬಂದು ನೋಡುವುದು ಒಳ್ಳೆಯದು.

ಈಗ ಉಳಿದ ಕಳ್ಳರನ್ನು ನೋಡಬೇಕು. ಮೇಲಿನ ಹೋಸ್ ಸುಡುವಷ್ಟು ಬಿಸಿ ಇದ್ದೂ ಮುಳ್ಳು ಏರುತ್ತಿದ್ದರೆ ವಾಲ್ವ್ ಬಹುಪಾಲು ತೆರೆದಿದೆ, ತೊಂದರೆ ಬೇರೆ ಕಡೆ ಇರಬೇಕು. ರೇಡಿಯೇಟರ್ ಮುಂದೆ ಹುಲ್ಲಿನ ಹೊಟ್ಟು, ಧೂಳು, ಪ್ಲಾಸ್ಟಿಕ್ ಅಂಟಿದೆಯಾ? ಫ್ಯಾನ್ ಬೆಲ್ಟ್ ಸಡಿಲ ಆಗಿದೆಯಾ? ವಾಟರ್ ಪಂಪ್ ಕೆಳಗಿನ ಸಣ್ಣ ತೂತಿನಿಂದ ತೊಟ್ಟಿಕ್ಕುತ್ತಿದೆಯಾ? ರೇಡಿಯೇಟರ್ ಕ್ಯಾಪ್‌ನ ರಬ್ಬರ್ ಒಡೆದಿದೆಯಾ? ಎಂಜಿನ್ ತಣಿದ ಮೇಲೆ ಹೋಸ್ ಚಪ್ಪಟೆಯಾಗಿ ಒಳಕ್ಕೆ ಹೀರಿಕೊಂಡಿದ್ದರೆ ಕ್ಯಾಪ್ ಮೇಲೆ ಅನುಮಾನ ಪಡಿ. ಬಿಸಿ ಅಳೆಯುವ ಗನ್ ಸಿಕ್ಕರೆ ರೇಡಿಯೇಟರ್ ಮೈಮೇಲೆ ಅಲ್ಲಲ್ಲಿ ಹಿಡಿದು ನೋಡಿ. ಸುತ್ತಲೂ ಬಿಸಿ ಇದ್ದು ನಡುವೆ ಒಂದು ಭಾಗ ಮಾತ್ರ ತಣ್ಣಗಿದ್ದರೆ ಅಲ್ಲಿ ಒಳಗೆ ಕಟ್ಟಿಕೊಂಡಿದೆ.

ಇನ್ನೊಂದಿದೆ, ಅದು ದೊಡ್ಡ ತೊಂದರೆ. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಾಣುತ್ತಿದೆಯಾ? ತಣ್ಣಗಿರುವ ಎಂಜಿನ್‌ನ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದರೆ ರೇಡಿಯೇಟರ್ ಬಾಯಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದೆಯಾ? ಹಾಗಾದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಪ್ಯಾಕಿಂಗ್) ಹೋಗಿರಬಹುದು. ವಾಲ್ವ್ ಬದಲಿಸಿ ಹಣ ಹಾಳು ಮಾಡಬೇಡಿ, ಗಾಡಿಯನ್ನೂ ಓಡಿಸಬೇಡಿ.

## ಹಂತ 2: ಸರಿಯಾದ ವಾಲ್ವ್ ತಂದು ಪಾತ್ರೆಯಲ್ಲಿ ಪರೀಕ್ಷೆ ಮಾಡಿ

ಅಂಗಡಿಯಲ್ಲಿ “407 ವಾಲ್ವ್ ಕೊಡಿ” ಅಂದರೆ ಸಾಲದು. ಒಂದೇ ಹೆಸರಿನ ಗಾಡಿಗೆ ವರ್ಷ ವರ್ಷಕ್ಕೆ ಎಂಜಿನ್ ಬದಲಾಗಿರುತ್ತದೆ. ಎಂಜಿನ್ ನಂಬರ್, ಚಾಸಿ ನಂಬರ್ ಫೋಟೋ ತೆಗೆದುಕೊಂಡು ಹೋಗಿ. ವಾಲ್ವ್ ಮೈಮೇಲೆ ಒಂದು ಡಿಗ್ರಿ ಕುಟ್ಟಿರುತ್ತಾರೆ, 71, 82, 88 ಹೀಗೆ. ನಿಮ್ಮ ಎಂಜಿನ್‌ಗೆ ಎಷ್ಟು ಹೇಳಿದ್ದಾರೋ ಅಷ್ಟೇ ಹಾಕಿ. “ನಮ್ಮ ಕಡೆ ಬಿಸಿಲು ಜಾಸ್ತಿ, ಕಡಿಮೆ ಡಿಗ್ರಿದು ಹಾಕೋಣ” ಅನ್ನುವ ಲೆಕ್ಕ ತಪ್ಪು. ರೇಡಿಯೇಟರ್ ಕಟ್ಟಿದ್ದರೆ 71ರ ವಾಲ್ವ್ ಹಾಕಿದರೂ ಘಾಟಿಯಲ್ಲಿ ಮುಳ್ಳು ಅಷ್ಟೇ ಏರುತ್ತದೆ. ವ್ಯಾಸ, ಎತ್ತರ ಮತ್ತು ಕೆಳಗಡೆ ಇನ್ನೊಂದು ಸಣ್ಣ ತಟ್ಟೆ ಇದೆಯಾ ಇಲ್ಲವಾ, ಈ ಮೂರನ್ನೂ ಹಳೆಯದರ ಜೊತೆ ಹೋಲಿಸಲೇಬೇಕು. ಹಳೆಯದು ಇನ್ನೂ ಎಂಜಿನ್ ಒಳಗಿದ್ದರೆ ಬದಲಿಸಿಕೊಡುತ್ತಾರಾ ಅಂತ ಅಂಗಡಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಹೊಸದನ್ನು ಹಾಕುವ ಮುಂಚೆ ಪರೀಕ್ಷೆ ಮಾಡಿ. ಹೊಸ ಡಬ್ಬದಲ್ಲೂ ಕೆಟ್ಟ ವಾಲ್ವ್ ಬರುತ್ತದೆ, ನಾನು ಕಂಡಿದ್ದೇನೆ.

ಅಡುಗೆಗೆ ಮತ್ತೆ ಬಳಸದ ಹಳೆಯ ಪಾತ್ರೆ ತೆಗೆದುಕೊಂಡು ನೀರು ತುಂಬಿ. ವಾಲ್ವ್‌ನ ಬಾಯಿಯನ್ನು ಬೆರಳಿಂದ ಸ್ವಲ್ಪ ತೆರೆದು ಒಂದು ದಾರ ಸಿಕ್ಕಿಸಿ ಬಿಡಿ, ದಾರ ಬಾಯಲ್ಲಿ ಕಚ್ಚಿಕೊಳ್ಳುತ್ತದೆ. ಆ ದಾರದಿಂದಲೇ ವಾಲ್ವ್ ನೀರಿನಲ್ಲಿ ಮುಳುಗಿರುವ ಹಾಗೆ ಒಂದು ಕಡ್ಡಿಗೆ ಕಟ್ಟಿ ನೇತುಹಾಕಿ. ವಾಲ್ವ್ ಆಗಲಿ ಥರ್ಮಾಮೀಟರ್ ಆಗಲಿ ತಳ ಮುಟ್ಟಬಾರದು, ಮುಟ್ಟಿದರೆ ಲೆಕ್ಕ ತಪ್ಪುತ್ತದೆ. ಉರಿ ಸಣ್ಣ ಇಟ್ಟು ನೀರನ್ನು ಆಗಾಗ ಕದಡುತ್ತಿರಿ. ಬಾಯಿ ತೆರೆದ ಕ್ಷಣ ದಾರ ಜಾರಿ ವಾಲ್ವ್ ಕೆಳಗೆ ಬೀಳುತ್ತದೆ. ಆಗ ಥರ್ಮಾಮೀಟರ್ ಎಷ್ಟು ತೋರಿಸಿತು ಅಂತ ಬರೆದುಕೊಳ್ಳಿ. ಕುಟ್ಟಿರುವ ಡಿಗ್ರಿಗಿಂತ ಎರಡು ಮೂರು ಆಚೀಚೆ ಆದರೆ ಪರವಾಗಿಲ್ಲ.

ಇಲ್ಲಿ ಬಹಳ ಜನ ಒಳ್ಳೆಯ ವಾಲ್ವ್ ಬಿಸಾಡಿಬಿಡುತ್ತಾರೆ. ಕುಟ್ಟಿರುವ ಡಿಗ್ರಿ ತೆರೆಯಲು ಶುರುವಾಗುವ ಡಿಗ್ರಿ. ಪೂರ್ತಿ ತೆರೆಯುವುದು ಅದಕ್ಕಿಂತ ಸುಮಾರು 10ರಿಂದ 13 ಡಿಗ್ರಿ ಮೇಲೆ. ಅಂದರೆ 88ರ ವಾಲ್ವ್ ಪೂರ್ತಿ ತೆರೆಯಲು 98–101 ಡಿಗ್ರಿ ಬೇಕು. ಬೆಂಗಳೂರು ಸಮುದ್ರಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಅಲ್ಲಿ ಪಾತ್ರೆಯ ನೀರು 97ಕ್ಕೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಎಷ್ಟು ಹೊತ್ತು ಕುದಿಸಿದರೂ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ. ಹಾಗಾಗಿ ವಾಲ್ವ್ ಅರ್ಧ ಮುಕ್ಕಾಲು ತೆರೆದು ನಿಂತರೆ ಅದು ಕೆಟ್ಟಿದೆ ಅಂತ ಅಲ್ಲ. ಮಂಗಳೂರಿನಲ್ಲಿ ಇದೇ ಪರೀಕ್ಷೆ ಮಾಡಿದರೆ ಹೆಚ್ಚು ತೆರೆಯುತ್ತದೆ. 82ರ ವಾಲ್ವ್ ಆದರೆ ಬೆಂಗಳೂರಿನಲ್ಲೂ ಪೂರ್ತಿ ತೆರೆಯಬೇಕು.

ಕೊನೆಗೆ ಹೊರಗೆ ತೆಗೆದಿಟ್ಟು ನೋಡಿ. ತಣಿಯುತ್ತಾ ಬಾಯಿ ತಾನಾಗಿ ಪೂರ್ತಿ ಮುಚ್ಚಬೇಕು. ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣಬಾರದು. ಗಾಳಿ ಬಿಡಲು ಅಂತಲೇ ಇರುವ ಸಣ್ಣ ತೂತು ಮಾತ್ರ ಇದಕ್ಕೆ ಹೊರತು.

## ಹಂತ 3: ಗಾಡಿ ನಿಲ್ಲಿಸಿ, ತಣಿಯಲು ಬಿಡಿ

ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಕರೆಂಟ್ ಫ್ಯಾನ್ ಇರುವ ಪಿಕಪ್‌ಗಳಲ್ಲಿ ಎಂಜಿನ್ ಆಫ್ ಆಗಿದ್ದರೂ ಫ್ಯಾನ್ ದಿಢೀರ್ ಅಂತ ತಿರುಗಬಹುದು, ಬೆರಳು ಹೋಗುತ್ತದೆ.

ಕ್ಯಾಬಿನ್ ಎತ್ತುವ ಗಾಡಿ ಆದರೆ ಒಳಗಿನ ದೇವರ ಫೋಟೋ, ಟಿಫನ್ ಡಬ್ಬಿ, ನೀರಿನ ಬಾಟಲಿ ಎಲ್ಲ ಮೊದಲು ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಮುಂದಿನ ಗಾಜಿಗೆ ಬಂದು ಬೀಳುತ್ತವೆ. ಎತ್ತಿದ ಮೇಲೆ ಲಾಕ್ ರಾಡ್ ಕೂತಿದೆ ಅಂತ ಕಣ್ಣಾರೆ ನೋಡದೆ ಕ್ಯಾಬಿನ್ ಕೆಳಗೆ ತಲೆ ಹಾಕಬೇಡಿ.

ಆಮೇಲೆ ಕಾಯಿರಿ. ಕನಿಷ್ಠ ಎರಡು ಮೂರು ಗಂಟೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಮಾಡುವುದು ಇನ್ನೂ ಒಳ್ಳೆಯದು. ಬಿಸಿ ಎಂಜಿನ್‌ನಲ್ಲಿ ಕ್ಯಾಪ್ ಹಿಡಿದಿಟ್ಟಿರುವ ಒತ್ತಡದಿಂದಾಗಿ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ಕ್ಯಾಪ್ ತಿರುಗಿಸಿದ ಕೂಡಲೇ ಒತ್ತಡ ಇಳಿದು ಒಂದೇ ಸಲ ಕುದಿದು ಮುಖಕ್ಕೆ ಚಿಮ್ಮುತ್ತದೆ. ದಪ್ಪ ಬಟ್ಟೆ ಹಾಕಿಕೊಂಡು ತೆಗೆಯುತ್ತೇನೆ ಅನ್ನುವವರಿದ್ದಾರೆ, ಬಟ್ಟೆ ಅದನ್ನು ತಡೆಯುವುದಿಲ್ಲ. ಮೇಲಿನ ಹೋಸ್ ಅಮುಕಿದರೆ ಮೆತ್ತಗಿರಬೇಕು, ಅರ್ಧ ನಿಮಿಷ ಆರಾಮಾಗಿ ಹಿಡಿದುಕೊಳ್ಳುವಷ್ಟು ತಣ್ಣಗಿರಬೇಕು. ಅಲ್ಲಿಯ ತನಕ ಕ್ಯಾಪ್ ಮುಟ್ಟಬೇಡಿ.

ಕಾಯುವ ಹೊತ್ತಿನಲ್ಲಿ ಕವರ್ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಹಿಂದಿನ ರಾತ್ರಿಯೇ ಒಂದು ಸಲ ಹೊಡೆದಿದ್ದರೆ ಇನ್ನೂ ಚೆನ್ನ.

## ಹಂತ 4: ಕೂಲಂಟ್ ಇಳಿಸಿ, ಅಳತೆ ಮಾಡಿ

ಕ್ಯಾಪ್ ತೆಗೆದು ರೇಡಿಯೇಟರ್ ಕೆಳಗಿನ ಡ್ರೈನ್ ನಲ್ಲಿಯನ್ನು ಸಡಿಲಿಸಿ ಟಬ್ಬಿಗೆ ಇಳಿಸಿ. ಪೂರ್ತಿ ಖಾಲಿ ಮಾಡಬೇಕಿಲ್ಲ, ವಾಲ್ವ್ ಕೂತಿರುವ ಮಟ್ಟಕ್ಕಿಂತ ಕೆಳಗೆ ಬಂದರೆ ಸಾಕು. ನಲ್ಲಿ ಪ್ಲಾಸ್ಟಿಕ್‌ನದಾದರೆ ಬಲ ಹಾಕಬೇಡಿ, ಮುರಿದರೆ ಆ ದಿನದ ಕೆಲಸ ಅಲ್ಲಿಗೇ ನಿಂತಿತು. ಅಂಥ ಕಡೆ ಕೆಳಗಿನ ಹೋಸ್ ಬಿಚ್ಚಿ ಇಳಿಸಬಹುದು.

ಎಷ್ಟು ಲೀಟರ್ ಇಳಿಯಿತು ಅಂತ ಅಳೆದು ಬರೆದಿಡಿ. ಬೇಸರ ಅನಿಸಬಹುದು, ಆದರೆ ಹಂತ 8ರಲ್ಲಿ ಒಳಗೆ ಗಾಳಿ ಉಳಿದಿದೆಯಾ ಇಲ್ಲವಾ ಅಂತ ಹೇಳುವುದು ಈ ಅಂಕಿಯೇ.

ಇಳಿಸಿದ ಕೂಲಂಟ್ ತೆರೆದಿಡಬೇಡಿ. ಅದು ಸಿಹಿಯಾಗಿರುತ್ತದೆ, ಕುಡಿದರೆ ವಿಷ. ನಾಯಿ, ಕರು, ಸಣ್ಣ ಮಕ್ಕಳು ಇರುವ ಅಂಗಳದಲ್ಲಿ ಇದು ದೊಡ್ಡ ಅಪಾಯ. ಮುಚ್ಚಳ ಇರುವ ಕ್ಯಾನಿಗೆ ತುಂಬಿ ಮೇಲೆ ಹೆಸರು ಬರೆದಿಡಿ, ನೆಲಕ್ಕೆ ಚೆಲ್ಲಿದ್ದನ್ನು ನೀರು ಹಾಕಿ ಒರೆಸಿ ತೆಗೆಯಿರಿ. ಚರಂಡಿಗೆ, ಹೊಲದ ಬದುವಿಗೆ ಸುರಿಯಬೇಡಿ.

ಬಣ್ಣ ನೋಡಿ. ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ, ಕೆಸರು ಕಂಡರೆ ಪೂರ್ತಿ ಇಳಿಸಿ, ಒಳಗೆ ತೊಳೆದು ಹೊಸದು ಹಾಕಬೇಕು. ಸ್ವಚ್ಛವಾಗಿದ್ದು ಇನ್ನೂ ಅವಧಿ ಉಳಿದಿದ್ದರೆ ಬಟ್ಟೆಯಲ್ಲಿ ಸೋಸಿ ಅದನ್ನೇ ಹಾಕಬಹುದು.

## ಹಂತ 5: ಹೋಸ್ ಮತ್ತು ಕವರ್ ಬಿಚ್ಚಿ

ಹೆಚ್ಚಿನ ಟ್ರಕ್‌ಗಳಲ್ಲಿ ಮೇಲಿನ ಹೋಸ್ ಹಿಡಿದು ಎಂಜಿನ್ ಕಡೆ ಹೋದರೆ ಅದು ಸೇರುವ ಕವರ್ ಒಳಗೇ ಥರ್ಮೋಸ್ಟಾಟ್ ಇರುತ್ತದೆ. ಬಿಚ್ಚುವ ಮುಂಚೆ ಮೂರು ನಾಲ್ಕು ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಶಾಖ ನೋಡುವ ಸೆನ್ಸರ್ ವೈರ್ ಅಲ್ಲೇ ಪಕ್ಕದಲ್ಲಿದ್ದರೆ ಲಾಕ್ ಒತ್ತಿ ಬಿಚ್ಚಿ, ವೈರ್ ಹಿಡಿದು ಎಳೆಯಬೇಡಿ.

ಹೋಸ್ ಕ್ಲಿಪ್ ಸಡಿಲಿಸಿ ಹಿಂದಕ್ಕೆ ಸರಿಸಿ. ಹೋಸ್ ಹಿಡಿದುಕೊಂಡಿದ್ದರೆ ಎಳೆಯುವ ಬದಲು ತಿರುಚಿ. ಸ್ಕ್ರೂ ಡ್ರೈವರ್ ಹಾಕಿ ಮೀಟಿದರೆ ಒಳಗಿನ ರಬ್ಬರ್ ಹರಿಯುತ್ತದೆ, ಹೊರಗೆ ಕಾಣುವುದಿಲ್ಲ, ಆಮೇಲೆ ಸೋರುತ್ತದೆ. ಹಳೆಯ ಹೋಸ್ ಒತ್ತಿದರೆ ಬಿರುಕು ಕಾಣುತ್ತಿದ್ದರೆ ಈಗಲೇ ಬದಲಿಸಿ, ಹೇಗಿದ್ದರೂ ಬಿಚ್ಚಿದ್ದೀರಿ.

ಈಗ ಬೋಲ್ಟ್. ಇಡೀ ಕೆಲಸದಲ್ಲಿ ತಾಳ್ಮೆ ಬೇಕಾದ ಜಾಗ ಇದು. ಕವರ್ ಸಾಮಾನ್ಯವಾಗಿ ಅಲ್ಯೂಮಿನಿಯಂ, ಬೋಲ್ಟ್ ಸ್ಟೀಲ್, ನಡುವೆ ವರ್ಷಗಟ್ಟಲೆ ಕೂಲಂಟ್ ಪಸೆ. ಎರಡೂ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಬೋಲ್ಟ್ ತಲೆಗೆ ಸಣ್ಣ ಸುತ್ತಿಗೆಯಿಂದ ನಾಲ್ಕೈದು ಏಟು ಮೆಲ್ಲಗೆ ಕೊಡಿ. ರಿಂಗ್ ಸ್ಪ್ಯಾನರ್ ಹಾಕಿ ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆ, ಆಮೇಲೆ ಬಿಚ್ಚುವ ಕಡೆ. ತಿರುಗಿದರೆ ಅರ್ಧ ಸುತ್ತು ಹಿಂದೆ, ಕಾಲು ಸುತ್ತು ಮುಂದೆ, ಮತ್ತೆ ಸ್ಪ್ರೇ. ಬೋಲ್ಟ್ ತಿರುಗುತ್ತಿದೆ ಆದರೆ ಸ್ಪ್ರಿಂಗ್ ಥರ ವಾಪಸ್ ಬರುತ್ತಿದೆ ಅನ್ನಿಸಿದರೆ ನಿಲ್ಲಿಸಿ! ಅದು ಬಿಚ್ಚಿಕೊಳ್ಳುತ್ತಿಲ್ಲ, ತಿರುಚಿಕೊಳ್ಳುತ್ತಿದೆ, ಇನ್ನೊಂದು ಎಳೆತಕ್ಕೆ ಮುರಿಯುತ್ತದೆ. ಮತ್ತೆ ಸ್ಪ್ರೇ ಹೊಡೆದು ಒಂದು ಗಂಟೆ ಬಿಡಿ.

ಒಂದು ವೇಳೆ ಮುರಿದರೆ ಮನೆಯ ಡ್ರಿಲ್ ಹಿಡಿದು ಹೋಗಬೇಡಿ. ಡ್ರಿಲ್ ಬಿಟ್ ಪಕ್ಕಕ್ಕೆ ಜಾರಿ ಮೆತ್ತಗಿನ ಅಲ್ಯೂಮಿನಿಯಂ ಕೊರೆದರೆ ಬೋಲ್ಟ್ ಕೂರುವ ಥ್ರೆಡ್ಡೇ ಹೋಗುತ್ತದೆ. ಲೇತ್ ಶಾಪಿನವರಿಗೆ ಇದು ದಿನನಿತ್ಯದ ಕೆಲಸ, ಅವರನ್ನೇ ಕರೆಸಿ.

ಬೋಲ್ಟ್‌ಗಳು ಒಂದೊಂದು ಒಂದೊಂದು ಉದ್ದ ಇರಬಹುದು. ಕೆಲವು ಎಂಜಿನ್‌ಗಳಲ್ಲಿ ಅದೇ ಬೋಲ್ಟ್ ಆಲ್ಟರ್ನೇಟರ್ ಬ್ರಾಕೆಟನ್ನೂ ಹಿಡಿದಿರುತ್ತದೆ. ರಟ್ಟಿನ ಮೇಲೆ ಕವರ್ ಚಿತ್ರ ಬರೆದು ಆಯಾ ಜಾಗಕ್ಕೆ ಬೋಲ್ಟ್ ಚುಚ್ಚಿಡಿ.

## ಹಂತ 6: ಹಳೆಯದನ್ನು ತೆಗೆದು, ಕೂರುವ ಜಾಗ ಕ್ಲೀನ್ ಮಾಡಿ

ಕವರ್ ತೆಗೆದ ಕೂಡಲೇ ವಾಲ್ವ್ ಕಿತ್ತುಬಿಡಬೇಡಿ. ಅದು ಹೇಗೆ ಕೂತಿದೆ, ಸ್ಪ್ರಿಂಗ್ ಯಾವ ಕಡೆ, ಗಾಳಿ ಬಿಡುವ ಸಣ್ಣ ಅಲುಗಾಡುವ ಪಿನ್ ಎಲ್ಲಿದೆ, ಎಲ್ಲದರ ಫೋಟೋ ತೆಗೆದು ಆಮೇಲೆ ಎತ್ತಿ.

ಬಿಚ್ಚಿ ನೋಡಿದರೆ ಒಳಗೆ ವಾಲ್ವೇ ಇಲ್ಲದಿರಬಹುದು. ನನ್ನ ಸೆಕೆಂಡ್ ಹ್ಯಾಂಡ್ ಪಿಕಪ್‌ನಲ್ಲಿ ಹಾಗೇ ಆಯಿತು. ಯಾವುದೋ ಗ್ಯಾರೇಜಿನಲ್ಲಿ “ನಮ್ಮೂರಿಗೆ ಇದು ಬೇಡ, ತಣ್ಣಗೆ ಓಡುತ್ತೆ” ಅಂತ ತೆಗೆದು ಹಾಕಿದ್ದರು. ಈ ನಂಬಿಕೆ ತುಂಬಾ ಹರಡಿದೆ, ಅದಕ್ಕೇ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. ವಾಲ್ವ್ ಕೆಳಗೆ ಎರಡನೇ ತಟ್ಟೆ ಇರುವ ಎಂಜಿನ್‌ಗಳಲ್ಲಿ ಆ ತಟ್ಟೆಗೆ ಒಂದು ಕೆಲಸವಿದೆ. ಮೇಲಿನ ಬಾಗಿಲು ತೆರೆದಾಗ ಅದು ಕೆಳಗಿನ ಬೈಪಾಸ್ ದಾರಿಯನ್ನು ಮುಚ್ಚಿ, ಕೂಲಂಟ್ ಎಲ್ಲವೂ ರೇಡಿಯೇಟರ್‌ಗೇ ಹೋಗುವಂತೆ ಮಾಡುತ್ತದೆ. ವಾಲ್ವ್ ತೆಗೆದರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತದೆ. ಬಿಸಿ ಕೂಲಂಟ್‌ನ ಒಂದು ಪಾಲು ರೇಡಿಯೇಟರ್ ಮುಖ ನೋಡದೆ ಮತ್ತೆ ಎಂಜಿನ್‌ಗೇ ವಾಪಸ್. ಖಾಲಿ ಗಾಡಿಯಲ್ಲಿ, ಬಯಲಿನಲ್ಲಿ ಇದು ಗೊತ್ತಾಗುವುದಿಲ್ಲ. ಲೋಡ್ ಹಾಕಿಕೊಂಡು ಶಿರಾಡಿ ಘಾಟಿ ಹತ್ತುವಾಗ ಮುಳ್ಳು ಏರುತ್ತದೆ. ಉಳಿದ ದಿನಗಳಲ್ಲಿ ಎಂಜಿನ್ ಬಿಸಿಯಾಗದೆ ಓಡಿ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಬೆಳಿಗ್ಗೆ ಬಿಳಿ ಹೊಗೆ ಬಿಡುತ್ತದೆ, ಆಯಿಲ್ ಬೇಗ ಕೆಡುತ್ತದೆ, ಲೈನರ್ (ಸಿಲಿಂಡರ್‌ನ ಒಳಗೋಡೆ) ಸವೆಯುತ್ತದೆ. ವಾಲ್ವ್ ಬೆಲೆ ಇದರ ಮುಂದೆ ಏನೂ ಅಲ್ಲ.

ಇನ್ನು ಕ್ಲೀನಿಂಗ್. ಮೊದಲು ಆ ತೂತಿಗೆ ಬಟ್ಟೆ ತುರುಕಿ, ಹಳೆಯ ಗ್ಯಾಸ್ಕೆಟ್ ಚೂರು ಒಳಗೆ ಬೀಳಬಾರದು. ಹಳೆಯ ಪ್ಯಾಕಿಂಗ್, ಪೇಸ್ಟ್ ಎಲ್ಲ ಕೆರೆದು ತೆಗೆಯಿರಿ. ಬ್ಲೇಡ್ ಬಳಸಿದರೆ ಮಲಗಿಸಿ ಹಿಡಿಯಿರಿ, ಚುಚ್ಚಿ ಗೀರು ಮಾಡಬೇಡಿ, ಕೂಲಂಟ್ ಸೋರುವುದಕ್ಕೆ ಒಂದು ಗೀರು ಸಾಕು. ವಾಲ್ವ್ ಅಂಚು ಕೂರುವ ಮೆಟ್ಟಿಲಿನಂಥ ತೋಡನ್ನೂ ಪೂರ್ತಿ ಸ್ವಚ್ಛ ಮಾಡಿ. ಅಲ್ಲಿ ಸ್ವಲ್ಪ ಬಿಳಿ ಗಟ್ಟಿ ಉಳಿದರೂ ಹೊಸ ವಾಲ್ವ್ ಸಮನಾಗಿ ಕೂರುವುದಿಲ್ಲ. ಕವರ್ ಮುಖಕ್ಕೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿ, ಬಾಗಿದ್ದರೆ ಅಥವಾ ತಿಂದು ಗುಳಿ ಬಿದ್ದಿದ್ದರೆ ಕವರ್ ಕೂಡ ಬದಲಿಸಿ. ಬಟ್ಟೆ ತೆಗೆಯಲು ಮರೆಯಬೇಡಿ.

## ಹಂತ 7: ಹೊಸದನ್ನು ಕೂರಿಸಿ

ಸ್ಪ್ರಿಂಗ್ ಮತ್ತು ಮೇಣದ ಬಟ್ಟಲು ಇರುವ ಕಡೆ ಎಂಜಿನ್ ಒಳಕ್ಕೆ. ಬಿಸಿ ಕೂಲಂಟ್ ಆ ಬಟ್ಟಲಿಗೆ ತಾಗಿದರೆ ತಾನೇ ಮೇಣ ಕರಗುವುದು. ತಿರುವುಮುರುವು ಹಾಕಿದರೆ ವಾಲ್ವ್ ತಡವಾಗಿ ತೆರೆಯುತ್ತದೆ ಅಥವಾ ತೆರೆಯುವುದೇ ಇಲ್ಲ.

ವಾಲ್ವ್ ನಿಂತ ಭಂಗಿಯಲ್ಲಿ, ಅಂದರೆ ಗೋಡೆಗೆ ಹಾಕಿದ ಗಡಿಯಾರದ ಹಾಗೆ ಕೂರುವುದಾದರೆ, ಅಲುಗಾಡುವ ಪಿನ್ ಅಥವಾ ಸಣ್ಣ ತೂತು 12 ಗಂಟೆಯ ಜಾಗಕ್ಕೆ ಬರಬೇಕು. ಗಾಳಿ ಮೇಲೆ ಸೇರುತ್ತದೆ, ಹೊರಗೆ ಹೋಗುವ ದಾರಿಯೂ ಮೇಲೇ ಇರಬೇಕಲ್ವಾ. ಎಂಜಿನ್ ಮೇಲೆ ಬೇರೆ ಗುರುತು ಕೊಟ್ಟಿದ್ದರೆ ಅದರಂತೆ ಮಾಡಿ.

ರಬ್ಬರ್ ರಿಂಗ್ ಇರುವ ವಾಲ್ವ್‌ಗೆ ಪೇಸ್ಟ್ ಬೇಡ. ರಿಂಗ್‌ಗೆ ಒಂದು ಹನಿ ಕೂಲಂಟ್ ಸವರಿದರೆ ಸಾಕು. ಕಾಗದದ ಗ್ಯಾಸ್ಕೆಟ್ ಆದರೆ ತೆಳುವಾಗಿ ಪೇಸ್ಟ್ ಹಚ್ಚಬಹುದು, ತೆಳುವಾಗಿ ಅಂದರೆ ಕೆಳಗಿನ ಕಾಗದ ಕಾಣುವಷ್ಟು. ದಪ್ಪಗೆ ಬಳಿದರೆ ಒಳಗೆ ಹಿಂಡಿಕೊಂಡ ಪೇಸ್ಟ್ ತುಂಡಾಗಿ ರೇಡಿಯೇಟರ್ ಕೊಳವೆಗೆ ಹೋಗಿ ಕೂರುತ್ತದೆ.

ಕವರ್ ಇಡುವಾಗ ಆಗುವ ಒಂದು ತಪ್ಪು ಎಲ್ಲಕ್ಕಿಂತ ದುಬಾರಿ. ನಿಂತ ಭಂಗಿಯ ವಾಲ್ವ್ ಜಾಗದಿಂದ ಅರ್ಧ ಮಿಲಿಮೀಟರ್ ಜಾರಿದರೂ, ಬೋಲ್ಟ್ ಬಿಗಿಯುವಾಗ ಅದರ ಅಂಚು ಕವರ್ ಅಡಿಗೆ ಸಿಕ್ಕಿ ಕವರ್‌ನ ಕಿವಿ ಚಟ್ ಅಂತ ಒಡೆಯುತ್ತದೆ. ಹಾಗಾಗಿ ಬೋಲ್ಟ್‌ಗಳನ್ನು ಮೊದಲು ಬೆರಳಲ್ಲೇ ಪೂರ್ತಿ ಹಾಕಿ. ಕವರ್ ಸುತ್ತಲೂ ಸಮನಾಗಿ ಕೂತಿದೆಯಾ ನೋಡಿ. ಒಂದು ಕಡೆ ಸಂದಿ ಕಂಡರೆ ಸ್ಪ್ಯಾನರ್ ಹಾಕಬೇಡಿ, ಬಿಚ್ಚಿ ಮತ್ತೆ ಕೂರಿಸಿ. ಸಮ ಇದ್ದರೆ ಒಂದು ಈ ಕಡೆ, ಒಂದು ಆ ಕಡೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಎಂ8 ಬೋಲ್ಟ್‌ಗೆ, ಅಂದರೆ 13 ನಂಬರ್ ತಲೆಯದಕ್ಕೆ, ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಸಾಕು. ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಟಾರ್ಕ್ ರೆಂಚ್ ಇಲ್ಲದಿದ್ದರೆ ಸಣ್ಣ ಸ್ಪ್ಯಾನರ್ ಹಿಡಿದು ಮಣಿಕಟ್ಟಿನ ಬಲದಲ್ಲಿ ಬಿಗಿಯಿರಿ, ಪೈಪ್ ಸಿಕ್ಕಿಸಿ ಎಳೆಯಬೇಡಿ.

ಹೋಸ್ ಹಾಕಿ ಕ್ಲಿಪ್ ಬಿಗಿಯಿರಿ. ಸೆನ್ಸರ್ ವೈರ್, ಡ್ರೈನ್ ನಲ್ಲಿ, ಬ್ಯಾಟರಿ ವೈರ್, ಮೂರನ್ನೂ ಇನ್ನೊಮ್ಮೆ ನೋಡಿ. ಪೇಸ್ಟ್ ಹಚ್ಚಿದ್ದರೆ ಟ್ಯೂಬ್ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟೇ ಕೂಲಂಟ್ ಹಾಕಬೇಕು.

## ಹಂತ 8: ಕೂಲಂಟ್ ತುಂಬಿ, ಗಾಳಿ ತೆಗೆಯಿರಿ

ಈ ಹಂತಕ್ಕೆ ಒಂದು ಗಂಟೆ ಎತ್ತಿಡಿ. ಸಂಜೆಯಾಯಿತು ಅಂತ ಇಲ್ಲಿ ಅವಸರ ಮಾಡಿದವರೇ ಮಾರನೇ ದಿನ “ಹೊಸ ವಾಲ್ವ್ ಸರಿ ಇಲ್ಲ” ಅನ್ನುವುದು.

ಮೇಣದ ಬಟ್ಟಲಿನ ಸುತ್ತ ಕೂಲಂಟ್ ಬದಲು ಗಾಳಿ ನಿಂತರೆ ಶಾಖ ಸರಿಯಾಗಿ ಮುಟ್ಟುವುದಿಲ್ಲ, ವಾಲ್ವ್ ಹೊತ್ತಿಗೆ ಸರಿಯಾಗಿ ತೆರೆಯುವುದಿಲ್ಲ. ಹೆಡ್‌ನಲ್ಲಿ ಗಾಳಿ ನಿಂತರೆ ಅಷ್ಟು ಜಾಗ ಮಾತ್ರ ಕೆಂಡದಂತೆ ಕಾಯುತ್ತದೆ. ಸೆನ್ಸರ್ ಗಾಳಿಯಲ್ಲಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ.

ಸಾಧ್ಯವಾದರೆ ಗಾಡಿಯ ಮೂತಿ ಸ್ವಲ್ಪ ಮೇಲೆ ಬರುವ ಹಾಗೆ ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಮತ್ತೆ ಕಲ್ಲು ಕೊಡಿ. ಕ್ಯಾಬಿನ್ ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ. ಎಂಜಿನ್ ಮೇಲೆ ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ಕೂಲಂಟ್ ಗುಳ್ಳೆ ಇಲ್ಲದೆ ಬರುವ ತನಕ ಬಿಟ್ಟು ಮುಚ್ಚಿ. ಆಲಿಕೆಯಲ್ಲಿ ನಿಧಾನವಾಗಿ ಸುರಿಯಿರಿ, ನಡುನಡುವೆ ಮೇಲಿನ ಹೋಸ್ ಹಿಂಡಿ ಬಿಡಿ, ಬುಳಬುಳ ಅಂತ ಗುಳ್ಳೆ ಬರುತ್ತದೆ. ಗುಳ್ಳೆ ನಿಂತ ಮೇಲೆ ಎಷ್ಟು ಲೀಟರ್ ಹೋಯಿತು ನೋಡಿ. ಇಳಿದಿದ್ದು ಆರು, ಹೋಗಿದ್ದು ನಾಲ್ಕು ಅಂದರೆ ಉಳಿದ ಎರಡು ಲೀಟರ್ ಜಾಗದಲ್ಲಿ ಈಗ ಗಾಳಿ ಇದೆ.

ಕ್ಯಾಪ್ ಹಾಕದೆ ಸ್ಟಾರ್ಟ್ ಮಾಡಿ. ಮುಚ್ಚಿದ ಶೆಡ್ ಒಳಗೆ ಬೇಡ, ಹೊಗೆ ಜೀವ ತೆಗೆಯುತ್ತದೆ. ಕೆಲವು ನಿಮಿಷ ಐಡಲ್‌ನಲ್ಲಿ ಬಿಟ್ಟು, ಆಮೇಲೆ 1200–1500 ಆರ್‌ಪಿಎಂ ಹತ್ತಿರ ಹಿಡಿಯಿರಿ. ಮಟ್ಟ ಇಳಿದಂತೆ ತುಂಬುತ್ತಿರಿ. ಒಂದು ಹಂತದಲ್ಲಿ ಮಟ್ಟ ತಟ್ಟನೆ ಇಳಿದು ಮೇಲಿನ ಹೋಸ್ ಬಿಸಿಯಾಗುತ್ತದೆ: ವಾಲ್ವ್ ತೆರೆಯಿತು. ಮತ್ತೆ ತುಂಬಿ, ಗುಳ್ಳೆ ಪೂರ್ತಿ ನಿಂತ ಮೇಲೆ ಕ್ಯಾಪ್ ಹಾಕಿ. ತೆರೆಯುವ ಮುಂಚೆಯೇ ಕೂಲಂಟ್ ಉಕ್ಕಿ ಚಿಮ್ಮಲು ಶುರುವಾದರೆ ಎಂಜಿನ್ ಆಫ್ ಮಾಡಿ ದೂರ ನಿಲ್ಲಿ, ತಣಿದ ಮೇಲೆ ಮೊದಲಿಂದ ಮಾಡಿ.

ಬಿಸಿಯಾಗಿ ಕೂಲಂಟ್ ಕಡಿಮೆಯಾದ ಎಂಜಿನ್‌ಗೆ ಎಂದೂ ತಣ್ಣೀರು ಸುರಿಯಬೇಡಿ. ಕಾದ ಹೆಡ್ ಬಿರುಕು ಬಿಡುತ್ತದೆ.

## ಹಂತ 9: ಓಡಿಸಿ ನೋಡಿ

ಮೊದಲ ಸಲ ಲೋಡ್ ಇಲ್ಲದೆ ಹತ್ತು ಹದಿನೈದು ಕಿಲೋಮೀಟರ್, ಮನೆಯ ಸುತ್ತಮುತ್ತ. ನೇರ ಘಾಟಿಗೆ ಹೋಗಬೇಡಿ. ಮುಳ್ಳು ಏರಿ ನಡುವಿನ ಹತ್ತಿರ ಒಂದು ಕಡೆ ನಿಲ್ಲಬೇಕು. ಮೊದಲ ಸಲ ಸ್ವಲ್ಪ ಮೇಲೆ ಹೋಗಿ ಇಳಿದು ನಿಂತರೆ ಗಾಬರಿ ಬೇಡ, ವಾಲ್ವ್ ತೆರೆದ ಗುರುತು ಅದು.

ಈ ಕೆಳಗಿನವು ಕಂಡರೆ ಗಾಡಿ ನಿಲ್ಲಿಸಿ. ಮುಳ್ಳು ಮೇಲೆ ಕೆಳಗೆ ಕುಣಿಯುತ್ತಿದ್ದರೆ ಒಳಗೆ ಗಾಳಿ ಇದೆ, ತಣಿಸಿ ಹಂತ 8 ಮತ್ತೆ ಮಾಡಿ. ಮುಳ್ಳು ಏಳುವುದೇ ಇಲ್ಲ ಅಂದರೆ ಸೆನ್ಸರ್ ವೈರ್ ಹಾಕಿದ್ದೀರಾ ನೋಡಿ, ಹಾಕಿದ್ದರೆ ವಾಲ್ವ್ ಅಂಚಿನಲ್ಲಿ ಸಂದಿ ಬಿಟ್ಟಿದೆ ಅಥವಾ ತೆರೆದೇ ನಿಂತಿದೆ. ಮುಳ್ಳು ಏರುತ್ತಾ ಹೋಗಿ ಹಠಾತ್ತನೆ ಸೊನ್ನೆಗೆ ಬಿದ್ದರೆ ಖುಷಿ ಪಡಬೇಡಿ, ಕೂಲಂಟ್ ಖಾಲಿಯಾಗಿ ಸೆನ್ಸರ್ ಒಣಗಿರಬಹುದು, ತಕ್ಷಣ ಆಫ್ ಮಾಡಿ.

ವಾಪಸ್ ಬಂದು ನಿಲ್ಲಿಸಿದ ಮೇಲೆ ಕವರ್ ಅಂಚಿಗೆ, ಹೋಸ್ ಬುಡಕ್ಕೆ ಒಣ ಕಾಗದ ಒತ್ತಿ ನೋಡಿ, ಸಣ್ಣ ಸೋರಿಕೆಯೂ ಕಾಗದದಲ್ಲಿ ಗೊತ್ತಾಗುತ್ತದೆ. ಸೋರಿದರೆ ಬೋಲ್ಟ್ ಇನ್ನಷ್ಟು ಬಿಗಿಯಲು ಹೋಗಬೇಡಿ. ಸರಿಯಾದ ಬಿಗಿತದಲ್ಲೂ ಸೋರುತ್ತಿದೆ ಅಂದರೆ ಗ್ಯಾಸ್ಕೆಟ್ ಜಾರಿದೆ ಅಥವಾ ಮುಖ ಕ್ಲೀನ್ ಆಗಿಲ್ಲ, ಬಿಚ್ಚಿ ನೋಡುವುದೇ ದಾರಿ.

ಮಾರನೇ ದಿನ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುಂಚೆ, ಕ್ಯಾಪ್ ತೆಗೆದು ಮಟ್ಟ ನೋಡಿ. ಒಂದು ಲೋಟದಷ್ಟು ಕಡಿಮೆಯಾಗಿದ್ದರೆ ಸಹಜ, ಉಳಿದಿದ್ದ ಗಾಳಿ ರಾತ್ರಿ ಹೊರಗೆ ಬಂದಿದೆ, ತುಂಬಿ ಮುಚ್ಚಿ. ಮೂರು ದಿನ ಹೀಗೆ ನೋಡಿ. ಮೂರನೇ ದಿನವೂ ಕಡಿಮೆಯಾಗುತ್ತಲೇ ಇದ್ದು ನೆಲದ ಮೇಲೆ ಹನಿಯೂ ಇಲ್ಲ ಅಂದರೆ ಕೂಲಂಟ್ ಎಂಜಿನ್ ಒಳಗೆ ಎಲ್ಲೋ ಹೋಗುತ್ತಿದೆ. ಲೋಡ್ ಹಾಕಬೇಡಿ, ಹೆಡ್ ಕೆಲಸ ಗೊತ್ತಿರುವವರಿಗೆ ತೋರಿಸಿ.